ಕನ್ನಡ ಮಾಧ್ಯಮದ ವಿದ್ಯಾರ್ಥಿನಿಯೊಬ್ಬಳ ಕ್ಲ್ಯಾಟ್ ಸಿದ್ಧತೆ: ಒಂದು ಪ್ರಕರಣ ಅಧ್ಯಯನ

ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಲ್ಲಿ ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ ವಿದ್ಯಾರ್ಥಿನಿಯೊಬ್ಬಳು, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಪದವಿಗೆ ಪ್ರವೇಶ ಪಡೆಯಲು ಕ್ಲ್ಯಾಟ್ (ಕಾಮನ್ ಲಾ ಅಡ್ಮಿಷನ್ ಟೆಸ್ಟ್) ಪರೀಕ್ಷೆಯನ್ನು ಎರಡು ಬಾರಿ ಬರೆದಳು. 2023ರ ಡಿಸೆಂಬರ್ 3ರಂದು ನಡೆದ ಮೊದಲ ಪರೀಕ್ಷೆಯಲ್ಲಿ ಆಕೆಗೆ ಬಂದದ್ದು 120ಕ್ಕೆ 38 ಅಂಕ. ಮುಂದಿನ ಪರೀಕ್ಷೆ 2024ರ ಡಿಸೆಂಬರ್ 1ರಂದು ನಡೆಯಿತು. ಈ ಎರಡರ ನಡುವೆ, ಆಕೆಯ ದ್ವಿತೀಯ ಪಿಯು ಫಲಿತಾಂಶ ಬಂದ ಮೇಲೆ, ನಾನು ಆಕೆಯ ಸಿದ್ಧತೆಗೆ ಜೊತೆಯಾದೆ. ಆ ತಿಂಗಳುಗಳಲ್ಲಿ ಏನನ್ನು ಬದಲಿಸಿದೆವು, ಏಕೆ ಬದಲಿಸಿದೆವು, ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದರ ದಾಖಲೆ ಇದು. ಹೆಸರು, ಊರು, ಕಾಲೇಜು ಇತ್ಯಾದಿ ಗುರುತಿನ ವಿವರಗಳನ್ನು ಬಿಟ್ಟಿದ್ದೇನೆ. ಅಂಕಗಳ ವಿವರವನ್ನು ವಿದ್ಯಾರ್ಥಿನಿಯ ಒಪ್ಪಿಗೆಯಿಂದಲೇ ಕೊಡುತ್ತಿದ್ದೇನೆ.

ಪರೀಕ್ಷೆಯ ಸ್ವರೂಪ ತಿಳಿಯದೆ ಪ್ರಕರಣ ಅರ್ಥವಾಗುವುದಿಲ್ಲವಾದ್ದರಿಂದ ಅದನ್ನು ಮೊದಲು ಹೇಳಬೇಕು. 2008ಕ್ಕೆ ಮುನ್ನ ಪ್ರತಿಯೊಂದು ರಾಷ್ಟ್ರೀಯ ಕಾನೂನು ಶಾಲೆಯೂ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿತ್ತು. ಇದರಿಂದ ವಿದ್ಯಾರ್ಥಿಗಳಿಗಾಗುವ ತೊಂದರೆಯನ್ನು ಮುಂದಿಟ್ಟು 2006ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಕೆಯಾದ ಅರ್ಜಿಯೊಂದರ ಬೆನ್ನಲ್ಲೇ ಏಳು ವಿಶ್ವವಿದ್ಯಾಲಯಗಳು ಒಂದಾಗಿ, 2008ರ ಮೇ ತಿಂಗಳಲ್ಲಿ ಮೊದಲ ಸಾಮಾನ್ಯ ಪರೀಕ್ಷೆ ನಡೆಸಿದವು. ಈಗ ಅದನ್ನು ನಡೆಸುವುದು ಬೆಂಗಳೂರಿನಲ್ಲಿ ಕಚೇರಿ ಹೊಂದಿರುವ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ. ಬಹುಕಾಲ 200 ಪ್ರಶ್ನೆಗಳಿದ್ದ ಪತ್ರಿಕೆ 2020ರಲ್ಲಿ ಸಂಪೂರ್ಣ ಬದಲಾಯಿತು: ನೇರ ಪ್ರಶ್ನೆಗಳು ಹೋಗಿ, ಗರಿಷ್ಠ ಸುಮಾರು 450 ಪದಗಳ ಗದ್ಯಭಾಗಗಳೂ ಅವುಗಳನ್ನು ಆಧರಿಸಿದ ಪ್ರಶ್ನೆಗಳೂ ಬಂದವು. ಪ್ರಶ್ನೆಗಳ ಸಂಖ್ಯೆ ಮೊದಲು 150ಕ್ಕೆ, ಆಮೇಲೆ 2023ರ ಡಿಸೆಂಬರಿನ ಪತ್ರಿಕೆಯಿಂದ 120ಕ್ಕೆ ಇಳಿಯಿತು. ಸಮಯ ಎರಡು ಗಂಟೆ, ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಅಂಕ ಕಡಿತ. ಇಂಗ್ಲಿಷ್ 22ರಿಂದ 26 ಪ್ರಶ್ನೆ, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನ 28ರಿಂದ 32, ಕಾನೂನು ತಾರ್ಕಿಕತೆ 28ರಿಂದ 32, ತಾರ್ಕಿಕ ಸಾಮರ್ಥ್ಯ 22ರಿಂದ 26, ಹತ್ತನೇ ತರಗತಿ ಮಟ್ಟದ ಗಣಿತ 10ರಿಂದ 14. ಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ.

ಮೊದಲ ಯತ್ನದ ಅವಲೋಕನ

ವಿದ್ಯಾರ್ಥಿನಿ ನನ್ನ ಬಳಿ ಬಂದಾಗ ಆಕೆಯ ಸೋಲಿಗೆ ಕಾರಣ ಏನೆಂದು ಆಕೆಯ ಸುತ್ತಲಿನವರೆಲ್ಲ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಕಾಲೇಜಿನ ಉಪನ್ಯಾಸಕರ ಪ್ರಕಾರ ಆಕೆಯ ಇಂಗ್ಲಿಷ್ ಸಾಲದು. ಅಣ್ಣನ ಪ್ರಕಾರ ಸಾಮಾನ್ಯ ಜ್ಞಾನ ಸಾಲದು. ತಂದೆಯವರಿಗಂತೂ ಇಂಥ ಪರೀಕ್ಷೆಗಳು ನಗರದ ಮಕ್ಕಳಿಗೇ ಹೊರತು ತಮ್ಮಂಥವರಿಗಲ್ಲ ಎಂಬ ಭಾವನೆ ಗಟ್ಟಿಯಾಗಿತ್ತು. ಈ ಮೂರರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಯಾವುದರಿಂದಲೂ ನಾಳೆ ಬೆಳಿಗ್ಗೆ ಎದ್ದು ಏನು ಓದಬೇಕೆಂಬುದು ತಿಳಿಯುವುದಿಲ್ಲ. ಆದ್ದರಿಂದ ಆಕೆ ಜೋಪಾನವಾಗಿ ಇಟ್ಟುಕೊಂಡಿದ್ದ ಪ್ರಶ್ನೆಪುಸ್ತಿಕೆ, ಓಎಂಆರ್ ಹಾಳೆಯ ಪ್ರತಿ ಮತ್ತು ಒಕ್ಕೂಟ ಪ್ರಕಟಿಸಿದ ಕೀ ಉತ್ತರಗಳನ್ನು ಎದುರಿಗಿಟ್ಟುಕೊಂಡು ಒಂದೊಂದೇ ಪ್ರಶ್ನೆಯನ್ನು ಮತ್ತೆ ನೋಡಿದೆವು. ಸಿದ್ಧತೆಯ ಒಟ್ಟು ಅವಧಿಯಲ್ಲಿ ಅತ್ಯಂತ ಉಪಯುಕ್ತವಾದ ಕೆಲಸ ಇದೇ ಎಂದು ಈಗಲೂ ನನ್ನ ಅಭಿಪ್ರಾಯ.

120ರಲ್ಲಿ ಆಕೆ ಉತ್ತರಿಸಿದ್ದು 78. ಸರಿಯಾದವು 46, ತಪ್ಪಾದವು 32. ತಪ್ಪುಗಳಿಗೆ 8 ಅಂಕ ಕಳೆದು ಉಳಿದದ್ದು 38. ವಿಭಾಗವಾರು ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ಪ್ರಚಲಿತ ವಿದ್ಯಮಾನದಲ್ಲಿ ಉತ್ತರಿಸಿದ 22ರಲ್ಲಿ 16 ಸರಿ, ಅಂದರೆ ಅಣ್ಣ ದೂರಿದ್ದ ವಿಭಾಗವೇ ಆಕೆಯ ಬಲವಾಗಿತ್ತು. ಇಂಗ್ಲಿಷಿನಲ್ಲಿ 20ಕ್ಕೆ 11, ತಾರ್ಕಿಕ ಸಾಮರ್ಥ್ಯದಲ್ಲಿ 12ಕ್ಕೆ 7. ಕಾನೂನು ತಾರ್ಕಿಕತೆಯಲ್ಲಿ 24ಕ್ಕೆ ಕೇವಲ 12. ಆಕೆಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿಯ ವಿಭಾಗ ಇದೇ ಆಗಿದ್ದರಿಂದ ಈ ಸಂಖ್ಯೆಯನ್ನು ಕಂಡು ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಗಣಿತದಲ್ಲಿ ಒಂದು ಪ್ರಶ್ನೆಯನ್ನೂ ಮುಟ್ಟಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಒಳ್ಳೆಯ ಅಂಕ ತೆಗೆದಿದ್ದ ವಿದ್ಯಾರ್ಥಿನಿ ಶೇಕಡಾವಾರು, ಅನುಪಾತ, ಸರಾಸರಿಯ ಲೆಕ್ಕಗಳನ್ನು ಖಾಲಿ ಬಿಟ್ಟದ್ದು, ಆ ಪುಟಗಳು ಪುಸ್ತಿಕೆಯ ಕೊನೆಯಲ್ಲಿದ್ದವು ಎಂಬ ಒಂದೇ ಕಾರಣಕ್ಕೆ. ಓಎಂಆರ್ ಹಾಳೆಯಲ್ಲಿ ಯಾವ ಕ್ರಮದಲ್ಲಾದರೂ ಉತ್ತರಿಸಬಹುದು ಎಂಬುದು ಆಕೆಗೆ ಗೊತ್ತಿತ್ತು, ಆದರೆ ಆ ಸ್ವಾತಂತ್ರ್ಯವನ್ನು ಬಳಸಿಕೊಳ್ಳಬೇಕೆಂದು ಯಾರೂ ಹೇಳಿರಲಿಲ್ಲ.

ಖಾಲಿ ಬಿಟ್ಟ 42 ಪ್ರಶ್ನೆಗಳಲ್ಲಿ 25 ಕಾಲ ಸಾಲದೆ ಉಳಿದವು. ಉಳಿದ 17 ಪ್ರಶ್ನೆಗಳನ್ನು ಆಕೆ ಓದಿದ್ದಳು, ಯೋಚಿಸಿದ್ದಳು, ಆದರೂ ಗುರುತು ಹಾಕದೆ ಮುಂದೆ ಹೋಗಿದ್ದಳು. ಏಕೆ ಎಂದು ಕೇಳಿದಾಗ ಬಂದ ಉತ್ತರ: ‘ಗೊತ್ತಿತ್ರೀ ಸರ್, ಖಾತ್ರಿ ಇರಲಿಲ್ಲ.’ ಆ ಹದಿನೇಳಕ್ಕೂ ಈಗ ಉತ್ತರಿಸುವಂತೆ ಹೇಳಿದೆ. 9 ಸರಿಯಾದವು, 8 ತಪ್ಪಾದವು. ಕಡಿತ ಕಳೆದರೂ 7 ಅಂಕ. ಮನೆಯಲ್ಲಿ ನಿಧಾನವಾಗಿ ಕುಳಿತು ಕೊಟ್ಟ ಉತ್ತರಗಳಾದ್ದರಿಂದ ಅದನ್ನು ಪರೀಕ್ಷಾ ಕೊಠಡಿಯ ಅಂಕಕ್ಕೆ ಸಮ ಎನ್ನಲಾಗದು, ಆದರೆ ಆಕೆಯ ಅಂದಾಜು ಆಕೆ ತಿಳಿದಿದ್ದಕ್ಕಿಂತ ಎಷ್ಟೋ ಉತ್ತಮವಾಗಿತ್ತು ಎಂಬುದಂತೂ ಸಾಬೀತಾಯಿತು.

ಓದಿನ ವೇಗದ ಪ್ರಶ್ನೆ

ಆ 25 ಪ್ರಶ್ನೆಗಳಿಗೆ ಕಾಲ ಏಕೆ ಸಾಲಲಿಲ್ಲ? ಗಣಿತವನ್ನು ಬಿಟ್ಟರೆ ಪತ್ರಿಕೆಯಲ್ಲಿ ಸುಮಾರು 20 ಗದ್ಯಭಾಗಗಳಿರುತ್ತವೆ. ಪ್ರತಿಯೊಂದೂ 450 ಪದವೆಂದು ಹಿಡಿದರೆ 9,000 ಪದಗಳು, ಪ್ರಶ್ನೆಗಳೂ ಆಯ್ಕೆಗಳೂ ಬೇರೆ. ಆಕೆಗೆ ಇಂಗ್ಲಿಷ್ ಸಂಪಾದಕೀಯವೊಂದನ್ನು ಕೊಟ್ಟು ಸಮಯ ನೋಡಿದಾಗ ನಿಮಿಷಕ್ಕೆ ಸುಮಾರು 90 ಪದ ಓದುತ್ತಿದ್ದಳು. ಆ ವೇಗದಲ್ಲಿ ಗದ್ಯಭಾಗಗಳನ್ನು ಒಮ್ಮೆ ಓದಿ ಮುಗಿಸುವುದಕ್ಕೇ 100 ನಿಮಿಷ ಬೇಕು. ಉಳಿಯುವ 20 ನಿಮಿಷದಲ್ಲಿ 120 ಪ್ರಶ್ನೆಗಳನ್ನು ಬಿಡಿಸುವುದು ಯಾರಿಂದಲೂ ಆಗದ ಕೆಲಸ. ‘ಇಂಗ್ಲಿಷ್ ಸಾಲದು’ ಎಂಬ ಅಸ್ಪಷ್ಟ ದೂರು ಇಲ್ಲಿ ಅಳೆಯಬಹುದಾದ, ಆದ್ದರಿಂದ ಸರಿಪಡಿಸಬಹುದಾದ ಒಂದು ಸಂಗತಿಯಾಗಿ ಕಾಣಿಸಿಕೊಂಡಿತು.

ವೇಗ ಕಡಿಮೆ ಇದ್ದದ್ದು ಪದಸಂಪತ್ತಿನ ಕೊರತೆಯಿಂದಲ್ಲ ಎಂಬುದು ಎರಡನೆಯ ಭೇಟಿಯಲ್ಲೇ ತಿಳಿಯಿತು. ಅದೇ ಸಂಪಾದಕೀಯದಲ್ಲಿ ಆಕೆಗೆ ಗೊತ್ತಿಲ್ಲದ ಪದಗಳು ಬೆರಳೆಣಿಕೆಯಷ್ಟು. ಆಕೆ ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು, ತಿರುಗಿಸಿದ್ದು ಸರಿಯಿದೆಯೆಂದು ಖಚಿತವಾದ ಮೇಲಷ್ಟೇ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದಳು. ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದ ಮೊದಲೇ ಬಂದು, ಷರತ್ತುಗಳೂ ವಿವರಣೆಗಳೂ ಅದರ ಬೆನ್ನಿಗೆ ಒಂದರ ಮೇಲೊಂದು ಬರುತ್ತವೆ. ನಮ್ಮಲ್ಲಿ ಅವೆಲ್ಲ ಮೊದಲು ಬಂದು ಕ್ರಿಯಾಪದ ಕೊನೆಯಲ್ಲಿ ನಿಲ್ಲುತ್ತದೆ. ಹೀಗಾಗಿ ವಾಕ್ಯ ವಾಕ್ಯವನ್ನೂ ಕನ್ನಡಿಸಲು ಹೊರಟವರು ಪ್ರತಿ ಸಲವೂ ಕೊನೆಯವರೆಗೆ ಹೋಗಿ ಮತ್ತೆ ಮೊದಲಿಗೆ ಮರಳಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಇಂಗ್ಲಿಷ್ ಪಾಠವನ್ನು ಸಾಲು ಸಾಲಾಗಿ ಅನುವಾದಿಸಿ ಕಲಿಸುವ ರೂಢಿಯಿಂದ ಬಂದ ಅಭ್ಯಾಸ ಇದು. ತರಗತಿಯ ಪರೀಕ್ಷೆಗೆ ಅದು ಸಾಕು, ಎರಡು ಗಂಟೆಯ ಈ ಪರೀಕ್ಷೆಗೆ ಸಾಲದು.

ಅನುವಾದವನ್ನು ಪೂರ್ತಿ ನಿಲ್ಲಿಸು ಎಂದು ಹೇಳುವುದು ಸುಲಭ, ಆದರೆ ಹನ್ನೆರಡು ವರ್ಷ ಕನ್ನಡದಲ್ಲೇ ಯೋಚಿಸಿ ಕಲಿತವರಿಗೆ ಹಾಗೆ ಹೇಳುವುದು ಯೋಚನೆಯನ್ನೇ ನಿಲ್ಲಿಸು ಎಂದಂತೆ. ಅದರ ಬದಲು ಅನುವಾದದ ಜಾಗವನ್ನು ಬದಲಿಸಿದೆವು. ವಾಕ್ಯದ ಮಟ್ಟದಲ್ಲಿ ತಿರುಗಿಸದೆ ಒಂದು ಪ್ಯಾರಾವನ್ನು ತಡೆಯಿಲ್ಲದೆ ಓದಿ, ಪುಟ ಮುಚ್ಚಿ, ಲೇಖಕ ಏನನ್ನು ಸಾಧಿಸಲು ಹೊರಟಿದ್ದಾನೆ ಎಂಬುದನ್ನು ಒಂದು ಕನ್ನಡ ವಾಕ್ಯದಲ್ಲಿ ಹೇಳುವುದು. ಅದಕ್ಕೆ ಕೊಟ್ಟ ಆಧಾರವನ್ನು ಇನ್ನೊಂದು ವಾಕ್ಯದಲ್ಲಿ ಹೇಳುವುದು. ಮೊದಲ ಓದಿನಲ್ಲಿ ನಿಘಂಟು ಮುಟ್ಟುವಂತಿಲ್ಲ. ಆಮೇಲೆ ನೋಡಬೇಕಾದ್ದು ವಾದದ ದಿಕ್ಕನ್ನು ಬದಲಿಸುವ ಪದಗಳನ್ನು ಮಾತ್ರ: ವಿರೋಧ, ವಿನಾಯಿತಿ, ಷರತ್ತು ಸೂಚಿಸುವಂಥವು. ಕಾನೂನಿನ ಗದ್ಯಭಾಗದಲ್ಲಿ ಅಂಥ ಒಂದು ಪದ ತಪ್ಪಿದರೆ ಐದು ಪ್ರಶ್ನೆಗಳೂ ತಪ್ಪಬಹುದು. ಅಲಂಕಾರದ ವಿಶೇಷಣ ತಪ್ಪಿದರೆ ಏನೂ ಆಗುವುದಿಲ್ಲ.

ತಾರ್ಕಿಕ ಸಾಮರ್ಥ್ಯವನ್ನು ಕೆಲವು ವಾರ ಕನ್ನಡದಲ್ಲೇ ಅಭ್ಯಾಸ ಮಾಡಿಸಿದ್ದು ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ನಿರ್ಧಾರಗಳಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಒಳಗಾದದ್ದು. ಪರೀಕ್ಷೆ ಇಂಗ್ಲಿಷಿನಲ್ಲಿರುವಾಗ ಕನ್ನಡದಲ್ಲಿ ಅಭ್ಯಾಸ ಮಾಡಿ ಕಾಲ ಕಳೆಯುವುದೇಕೆ ಎಂದು ಆಕೆಯ ಅಣ್ಣ ನೇರವಾಗಿಯೇ ಕೇಳಿದ. ನನ್ನ ಲೆಕ್ಕ ಹೀಗಿತ್ತು: ಒಂದು ವಾದದ ಹಿಂದೆ ಹೇಳದೆ ಒಪ್ಪಿಕೊಂಡಿರುವ ಊಹೆ ಯಾವುದು, ಯಾವ ಹೊಸ ಸಂಗತಿ ಅದನ್ನು ದುರ್ಬಲಗೊಳಿಸುತ್ತದೆ, ಯಾವ ತೀರ್ಮಾನ ನಿಜಕ್ಕೂ ಹೊರಡುತ್ತದೆ ಎಂದು ಗುರುತಿಸುವ ಶಕ್ತಿ ಯಾವ ಭಾಷೆಗೂ ಸೇರಿದ್ದಲ್ಲ. ಎರಡು ಕಷ್ಟಗಳನ್ನು ಒಟ್ಟಿಗೆ ಹೊರಿಸಿದಾಗ, ಆಕೆ ತಪ್ಪಿದ್ದು ಭಾಷೆಯಿಂದಲೋ ತರ್ಕದಿಂದಲೋ ಎಂಬುದೇ ತಿಳಿಯುತ್ತಿರಲಿಲ್ಲ. ಆದ್ದರಿಂದ ಕನ್ನಡ ಪತ್ರಿಕೆಗಳ ವಾಚಕರ ಪತ್ರಗಳನ್ನೂ ಅಂಕಣಗಳನ್ನೂ ತೆಗೆದುಕೊಂಡೆವು. ಉದಾಹರಣೆಗೆ, ಗ್ರಂಥಾಲಯ ತೆರೆದ ಮರುವರ್ಷ ಊರಿನ ಶಾಲೆಯ ಫಲಿತಾಂಶ ಏರಿತು, ಆದ್ದರಿಂದ ಏರಿಕೆಗೆ ಗ್ರಂಥಾಲಯವೇ ಕಾರಣ ಎಂಬ ವಾದ. ಅದೇ ವರ್ಷ ಖಾಲಿ ಬಿದ್ದಿದ್ದ ಶಿಕ್ಷಕರ ಹುದ್ದೆಗಳು ಭರ್ತಿಯಾಗಿದ್ದವು ಎಂದರೆ ಈ ವಾದಕ್ಕೆ ಏನಾಗುತ್ತದೆ? ಮಕ್ಕಳು ಗ್ರಂಥಾಲಯಕ್ಕೆ ಹೋಗುತ್ತಿದ್ದರು ಎಂಬುದನ್ನು ವಾದ ಎಲ್ಲಿಯಾದರೂ ಹೇಳಿದೆಯೇ, ಅಥವಾ ಸುಮ್ಮನೆ ಒಪ್ಪಿಕೊಂಡಿದೆಯೇ? ಇಂಥ ಪ್ರಶ್ನೆಗಳಿಗೆ ಆಕೆ ತಡವರಿಸದೆ ಉತ್ತರಿಸತೊಡಗಿದ ಮೇಲೆ ಇಂಗ್ಲಿಷಿಗೆ ಮರಳಿದೆವು. ಆಗ ಉಳಿದದ್ದು ಭಾಷೆಯ ಕಷ್ಟ ಒಂದೇ, ಮತ್ತು ಅದಕ್ಕೆ ಒಂದು ಕ್ರಮವಿತ್ತು.

ಪ್ರಚಲಿತ ವಿದ್ಯಮಾನಕ್ಕೂ ಇದೇ ನಿಲುವು. ಕನ್ನಡ ಪತ್ರಿಕೆ ಬಿಟ್ಟು ಇಂಗ್ಲಿಷ್ ಪತ್ರಿಕೆಯನ್ನಷ್ಟೇ ಓದು ಎಂಬ ಸಲಹೆ ಆಕೆಗೆ ಎಲ್ಲ ಕಡೆಯಿಂದ ಬಂದಿತ್ತು. 22ಕ್ಕೆ 16 ಸರಿ ಉತ್ತರ ತಂದುಕೊಟ್ಟದ್ದು ದಿನವೂ ಓದುವ ಕನ್ನಡ ಪತ್ರಿಕೆಯೇ ಆಗಿರುವಾಗ ಅದನ್ನು ಬಿಡಿಸುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ವಿಷಯಕ್ಕೆ ಕನ್ನಡ ಪತ್ರಿಕೆ, ಓದಿನ ಅಭ್ಯಾಸಕ್ಕೆ ಇಂಗ್ಲಿಷ್ ಸಂಪಾದಕೀಯ ಎಂದು ಬೇರ್ಪಡಿಸಿದೆವು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಪಡಿಸಿದ್ದು, ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದದ್ದು, ಆಗಸ್ಟ್ 1ರಂದು ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳ ಒಳವರ್ಗೀಕರಣಕ್ಕೆ ಒಪ್ಪಿಗೆ ನೀಡಿದ್ದು ಇವೆಲ್ಲವನ್ನೂ ಆಕೆ ಕನ್ನಡದಲ್ಲಿ ಓದಿ, ಹಿನ್ನೆಲೆಯನ್ನು ಬರೆದುಕೊಂಡು, ಪ್ರತಿಯೊಂದರ ಇಂಗ್ಲಿಷ್ ಹೆಸರನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡಳು. ಆ ವರ್ಷದ ವಿದ್ಯಮಾನಗಳಲ್ಲಿ ಕಾನೂನಿಗೆ ಸಂಬಂಧಿಸಿದವೇ ಹೆಚ್ಚಿದ್ದುದರಿಂದ ಆಕೆಯ ಆಸಕ್ತಿಯೂ ಕುಂದಲಿಲ್ಲ.

ತಿಳಿದದ್ದೇ ಅಡ್ಡಿಯಾದಾಗ

ಕಾನೂನು ತಾರ್ಕಿಕತೆಯ ಹನ್ನೆರಡು ತಪ್ಪುಗಳ ಕಾರಣ ಹುಡುಕುವುದು ಎಲ್ಲಕ್ಕಿಂತ ಕಷ್ಟವಾಯಿತು. ಆಕೆ ಈ ವಿಭಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಓದಿದ್ದಳು. ಓದಿದ್ದು ಮಾತ್ರ ಹಳೆಯ 200 ಪ್ರಶ್ನೆಗಳ ಮಾದರಿಯ ದಪ್ಪ ಗೈಡ್, ಅಣ್ಣ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಂದುಕೊಟ್ಟದ್ದು. ಅದರಲ್ಲಿ ಲ್ಯಾಟಿನ್ ಸೂತ್ರಗಳ ಪಟ್ಟಿ, ಪ್ರಮುಖ ತೀರ್ಪುಗಳ ಪಟ್ಟಿ, ಸಂವಿಧಾನದ ವಿಧಿಗಳ ಪಟ್ಟಿ ಇದ್ದವು, ಆಕೆಗೆ ಅವುಗಳಲ್ಲಿ ಬಹುಪಾಲು ಬಾಯಿಪಾಠವಾಗಿತ್ತು. ಆದರೆ 2020ರ ನಂತರದ ಪತ್ರಿಕೆ ಈ ವಿಭಾಗದಲ್ಲಿ ಪೂರ್ವಜ್ಞಾನವನ್ನು ಪರೀಕ್ಷಿಸುವುದಿಲ್ಲ. ಗದ್ಯಭಾಗದಲ್ಲಿ ಕೊಟ್ಟ ತತ್ವವನ್ನು ಕೊಟ್ಟ ಸಂಗತಿಗಳಿಗೆ ಅನ್ವಯಿಸುವ ಶಿಸ್ತನ್ನು ಪರೀಕ್ಷಿಸುತ್ತದೆ.

ತೊಡಕು ಎಲ್ಲಿದೆಯೆಂದು ನೋಡಲು ನಾನೇ ಒಂದು ಸಮಸ್ಯೆ ಬರೆದುಕೊಟ್ಟೆ. ತತ್ವ: ತನ್ನ ಜಾಗದಲ್ಲಿ ಅಪಾಯಕಾರಿ ವಸ್ತುವನ್ನು ಸಂಗ್ರಹಿಸಿಟ್ಟವನು, ಅದು ಹೊರಗೆ ಹೋಗಿ ಹಾನಿ ಮಾಡಿದರೆ, ಎಷ್ಟೇ ಎಚ್ಚರಿಕೆ ವಹಿಸಿದ್ದರೂ ಹೊಣೆಗಾರನಾಗುತ್ತಾನೆ, ಆದರೆ ತಾನು ಮುಂಗಾಣಲು ಸಾಧ್ಯವಿಲ್ಲದ ಅಪರಿಚಿತನ ಕೃತ್ಯದಿಂದ ಹಾಗಾಗಿದ್ದರೆ ಹೊಣೆಯಿಲ್ಲ. ಸಂಗತಿ: ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಬೀಗ, ಕಾವಲು ಎಲ್ಲವೂ ಇದ್ದರೂ ಅಪರಿಚಿತನೊಬ್ಬ ರಾತ್ರಿ ಗೋಡೆ ಹಾರಿ ಬಂದು ಅನಿಲದ ಕವಾಟ ತೆರೆದ, ಹಿಂದೆಂದೂ ಅಂಥದ್ದು ನಡೆದಿರಲಿಲ್ಲ, ನೆರೆಯವರು ಅಸ್ವಸ್ಥರಾದರು. ಕಾರ್ಖಾನೆ ಹೊಣೆಯೇ? ಆಕೆ ಕ್ಷಣ ಮಾತ್ರದಲ್ಲಿ ಹೌದು ಎಂದಳು. ಕಾರಣವನ್ನೂ ಕೊಟ್ಟಳು: ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ, ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1986ರಲ್ಲಿ ನೀಡಿದ ತೀರ್ಪಿನ ಪ್ರಕಾರ, ಅಪಾಯಕಾರಿ ಉದ್ಯಮದ ಹೊಣೆಗೆ ಯಾವ ವಿನಾಯಿತಿಯೂ ಇಲ್ಲ. ಆಕೆ ಹೇಳಿದ ಕಾನೂನು ಸರಿ. ವಿನಾಯಿತಿಗಳುಳ್ಳ ಹಳೆಯ ತತ್ವ 1868ರ ಇಂಗ್ಲೆಂಡಿನ ರೈಲಂಡ್ಸ್ ಪ್ರಕರಣದ್ದು, ಭಾರತದ ನ್ಯಾಯಾಲಯ ಅದನ್ನು ದಾಟಿ ಮುಂದೆ ಹೋಗಿದೆ. ಆದರೆ ಪರೀಕ್ಷೆಯಲ್ಲಿ ಆಕೆಯ ಉತ್ತರ ತಪ್ಪು, ಏಕೆಂದರೆ ಗದ್ಯಭಾಗ ಕೊಟ್ಟದ್ದು ಹಳೆಯ ತತ್ವವನ್ನು, ಅದರ ವಿನಾಯಿತಿಯ ಸಮೇತ.

ಇದನ್ನು ಆಕೆಗೆ ಒಪ್ಪಿಸುವುದಕ್ಕೆ ಬಹಳ ಮಾತು ಬೇಕಾಯಿತು, ಮತ್ತು ಆಕೆಯ ಪ್ರತಿರೋಧ ನನಗೆ ಗೌರವಾರ್ಹವಾಗಿ ಕಂಡಿತು. ವಿಷಾನಿಲ ಕುಡಿದ ನೆರೆಯವರಿಗೆ ಪರಿಹಾರ ಇಲ್ಲವೆಂದು ಗುರುತು ಹಾಕಲು ಆಕೆಯ ಕೈ ಏಳುತ್ತಿರಲಿಲ್ಲ. ನ್ಯಾಯದ ಬಗ್ಗೆ ಈ ಕಳಕಳಿ ಇಲ್ಲದವರು ವಕೀಲರಾಗಿ ಮಾಡುವುದಾದರೂ ಏನು? ನಾನು ಹೇಳಿದ್ದು ಇಷ್ಟೇ: ನ್ಯಾಯಾಧೀಶರು ಕೂಡ ತಮ್ಮ ಮುಂದಿರುವ ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಮೊದಲು ನಿಷ್ಠೆಯಿಂದ ಓದಿಕೊಳ್ಳಬೇಕು, ಅದು ಸರಿಯೇ ಎಂಬ ಪ್ರಶ್ನೆ ಅನಂತರದ್ದು. ಪರೀಕ್ಷೆ ಈ ಮೊದಲ ಹೆಜ್ಜೆಯನ್ನು ಮಾತ್ರ ಕೇಳುತ್ತಿದೆ. ಅಂದಿನಿಂದ ಆಕೆ ಪ್ರತಿ ಗದ್ಯಭಾಗದ ಪಕ್ಕದಲ್ಲಿ ತತ್ವವನ್ನೂ ವಿನಾಯಿತಿಯನ್ನೂ ಎರಡು ಸಣ್ಣ ಸಾಲಿನಲ್ಲಿ ಬರೆದುಕೊಂಡು, ಆ ಎರಡು ಸಾಲುಗಳನ್ನು ಮಾತ್ರ ನೋಡಿ ಉತ್ತರಿಸತೊಡಗಿದಳು.

ಅಭ್ಯಾಸದ ತಿಂಗಳುಗಳು

ಖಾತ್ರಿಯಿಲ್ಲದ ಪ್ರಶ್ನೆಗಳ ವಿಷಯದಲ್ಲಿ ಉಪದೇಶಕ್ಕಿಂತ ಲೆಕ್ಕ ಹೆಚ್ಚು ಕೆಲಸ ಮಾಡಿತು. ನಾಲ್ಕು ಆಯ್ಕೆಗಳ 100 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 25 ಸರಿಯಾಗುತ್ತವೆ, 75 ತಪ್ಪುಗಳಿಗೆ 18.75 ಕಳೆಯುತ್ತದೆ, ಆದರೂ 6.25 ಉಳಿಯುತ್ತದೆ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದರೆ ಅದೇ 100ಕ್ಕೆ ಸರಾಸರಿ 37.5. ಅಂದರೆ ಕಣ್ಣುಮುಚ್ಚಿ ಹಾಕುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ, ಆದರೆ ಓದಿ, ಯೋಚಿಸಿ, ಎರಡಕ್ಕೆ ಇಳಿಸಿದ ಪ್ರಶ್ನೆಯನ್ನು ಬಿಡುವುದು ನಷ್ಟವೇ. ಆಕೆ ಈ ಲೆಕ್ಕವನ್ನು ತಾನೇ ಮಾಡಿ ನೋಡಿದಳು, ನಾನು ಮಾಡಿ ತೋರಿಸಲಿಲ್ಲ. ಬಹುಶಃ ಅದಕ್ಕೇ ನಂಬಿದಳು.

ಅಣಕು ಪರೀಕ್ಷೆ ವಾರಕ್ಕೆ ಒಂದೇ, ಅದೂ ಮಧ್ಯಾಹ್ನ 2ರಿಂದ 4ರವರೆಗೆ, ನಿಜವಾದ ಪರೀಕ್ಷೆ ನಡೆಯುವ ಸಮಯದಲ್ಲೇ. ಒಕ್ಕೂಟದ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ನೋಂದಾಯಿತ ಅಭ್ಯರ್ಥಿಗಳಿಗೆ ಅದು ಕೊಡುವ ಮಾದರಿ ಪತ್ರಿಕೆಗಳನ್ನೂ ಮುಖ್ಯವಾಗಿ ಬಳಸಿದೆವು. ದಿನಕ್ಕೊಂದು ಅಣಕು ಪರೀಕ್ಷೆ ಬರೆದು ಅಂಕ ಮಾತ್ರ ನೋಡಿ ಮುಂದೆ ಹೋಗುವವರನ್ನು ನಾನು ಕಂಡಿದ್ದೇನೆ. ಅವರು ತಮ್ಮ ತಪ್ಪುಗಳನ್ನೇ ಇನ್ನಷ್ಟು ವೇಗವಾಗಿ ಮಾಡುವುದನ್ನು ಕಲಿಯುತ್ತಾರೆ. ಈಕೆ ಒಂದು ಪತ್ರಿಕೆ ಬರೆದ ಮೇಲೆ ಎರಡು ಸಂಜೆ ಅದರ ತಪ್ಪುಗಳೊಂದಿಗೆ ಕಳೆಯುತ್ತಿದ್ದಳು, ಪ್ರತಿ ತಪ್ಪಿನ ಕಾರಣವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದಳು. ಆ ಪುಟಗಳಲ್ಲಿ ಮತ್ತೆ ಮತ್ತೆ ಬರುವ ಸಾಲು ‘ಗದ್ಯಭಾಗದಲ್ಲಿ ಇಲ್ಲದ್ದನ್ನು ನಾನೇ ಸೇರಿಸಿದೆ’ ಎಂಬುದು. ಎರಡನೆಯದು ‘ಪ್ರಶ್ನೆ ಏನು ಕೇಳಿದೆ ಎಂದು ಪೂರ್ತಿ ಓದಲಿಲ್ಲ’. ಪದದ ಅರ್ಥ ಗೊತ್ತಿಲ್ಲದ್ದರಿಂದ ತಪ್ಪಾದವು ತೀರ ಕಡಿಮೆ.

ಎಲ್ಲವೂ ನೇರವಾಗಿ ಏರಲಿಲ್ಲ. ಪ್ಯಾರಾ ಮಟ್ಟದ ಓದಿಗೆ ಬದಲಾದ ಮೇಲೆ ವೇಗ ಹೆಚ್ಚಿತು, ಆದರೆ ಸೆಪ್ಟೆಂಬರಿನಲ್ಲಿ ತಪ್ಪುಗಳೂ ಹೆಚ್ಚಿ ಅಂಕ ಕುಸಿಯಿತು. ಹಳೆಯ ಕ್ರಮಕ್ಕೇ ಮರಳುವುದಾಗಿ ಆಕೆ ಹಟ ಹಿಡಿದಳು. ಆ ವಾರಗಳ ಪತ್ರಿಕೆಗಳನ್ನು ನೋಡಿದಾಗ ಆಕೆ ಎಲ್ಲ ಗದ್ಯಭಾಗಗಳನ್ನೂ ಒಂದೇ ವೇಗದಲ್ಲಿ ಓದುತ್ತಿದ್ದದ್ದು ತಿಳಿಯಿತು. ಇದು ಮುಖ್ಯವಾದ ಸಂಗತಿ, ಏಕೆಂದರೆ ಈ ಪತ್ರಿಕೆಯ ಗದ್ಯಭಾಗಗಳು ಒಂದೇ ಬಗೆಯ ಓದನ್ನು ಬೇಡುವುದಿಲ್ಲ. ಪ್ರಚಲಿತ ವಿದ್ಯಮಾನದ ಬಹುತೇಕ ಪ್ರಶ್ನೆಗಳಿಗೆ ಉತ್ತರ ಗದ್ಯಭಾಗದಲ್ಲೇ ಇರುವುದಿಲ್ಲ. ವಿಷಯ ಯಾವುದೆಂದು ತಿಳಿಯುವಷ್ಟು ಕಣ್ಣಾಡಿಸಿ ನೇರ ಪ್ರಶ್ನೆಗೆ ಹೋಗಬಹುದು. ಅಲ್ಲಿ ಉಳಿಯುವ ನಿಮಿಷಗಳನ್ನು ಕಾನೂನಿನ ಗದ್ಯಭಾಗಕ್ಕೆ ಕೊಡಬೇಕು, ಅದನ್ನು ಮೊದಲ ಸಲವೇ ನಿಧಾನವಾಗಿ ಓದಬೇಕು. ಹೀಗೆ ಹಂಚಿದ ಮೇಲೆ ಕ್ರಮವೂ ಬದಲಾಯಿತು: ಪ್ರಚಲಿತ ವಿದ್ಯಮಾನ ಮೊದಲು, ಆಮೇಲೆ ಕಾನೂನು, ನಂತರ ತಾರ್ಕಿಕ ಸಾಮರ್ಥ್ಯ, ಗಣಿತ, ಕೊನೆಗೆ ಇಂಗ್ಲಿಷ್. ನವೆಂಬರಿನ ಹೊತ್ತಿಗೆ ಆಕೆಯ ಓದಿನ ವೇಗ ನಿಮಿಷಕ್ಕೆ 150 ಪದ ಮುಟ್ಟಿತ್ತು. ನಗರದ ಒಳ್ಳೆಯ ಶಾಲೆಗಳಿಂದ ಬರುವ ಮಕ್ಕಳ ವೇಗಕ್ಕೆ ಹೋಲಿಸಿದರೆ ಅದು ಈಗಲೂ ಕಡಿಮೆಯೇ, ಆದರೆ ಪತ್ರಿಕೆ ಮುಗಿಸಲು ಸಾಕಾಗುತ್ತಿತ್ತು.

ಇಂಗ್ಲಿಷ್ ವಿಭಾಗದಲ್ಲಿ ಮಾತ್ರ ನಿರೀಕ್ಷಿಸಿದಷ್ಟು ಸುಧಾರಣೆ ಆಗಲಿಲ್ಲ. ಲೇಖಕರ ಧೋರಣೆ ವ್ಯಂಗ್ಯದ್ದೋ ವಿಷಾದದ್ದೋ ಎಂದು ಗುರುತಿಸುವ ಪ್ರಶ್ನೆಗಳು ಕೊನೆಯವರೆಗೂ ಆಕೆಯನ್ನು ಕಾಡಿದವು. ಅಂಥ ಸೂಕ್ಷ್ಮ ವರ್ಷಗಟ್ಟಲೆ ಓದಿನಿಂದ ಬರುವಂಥದ್ದು, ಆರು ತಿಂಗಳಲ್ಲಿ ಅದನ್ನು ತಂದುಕೊಡುವ ಉಪಾಯ ನನ್ನಲ್ಲಿ ಇರಲಿಲ್ಲ.

ಖರ್ಚಿನ ವಿಷಯವನ್ನೂ ಹೇಳಬೇಕು. ಅರ್ಜಿ ಶುಲ್ಕವೇ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೆ ಪ್ರತ್ಯೇಕ ಪರೀಕ್ಷೆ, ಅದಕ್ಕೆ ಪ್ರತ್ಯೇಕ ಶುಲ್ಕ ಇರುವುದರಿಂದ ಆಕೆ ಅದನ್ನು ಬರೆಯಲಿಲ್ಲ. 2022ರಲ್ಲಿ ಕ್ಲ್ಯಾಟ್ ಡಿಸೆಂಬರಿಗೆ ಬಂದಂದಿನಿಂದ ದ್ವಿತೀಯ ಪಿಯು ಓದುತ್ತಿರುವವರು ವಾರ್ಷಿಕ ಪರೀಕ್ಷೆಯ ಸಿದ್ಧತೆಯ ನಡುವೆಯೇ ಇದನ್ನು ಬರೆಯಬೇಕಾಗಿದೆ. ಈಕೆಯ ಮೊದಲ ಯತ್ನದ ಮೇಲೆ ಅದರ ಭಾರವೂ ಬಿದ್ದಿತ್ತು. ಎರಡನೆಯ ವರ್ಷವನ್ನು ಪೂರ್ತಿ ಸಿದ್ಧತೆಗೆ ಬಿಡಲು ಮನೆಯವರು ಒಪ್ಪದ ಕಾರಣ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎ.ಗೆ ಸೇರಿಕೊಂಡು ಬೆಳಿಗ್ಗೆ ಮತ್ತು ಸಂಜೆ ಓದಿದಳು. ಈ ಪರೀಕ್ಷೆಗೆ ಗರಿಷ್ಠ ವಯೋಮಿತಿ ಇಲ್ಲವೆಂಬ ಸಂಗತಿ ಆ ದಿನಗಳಲ್ಲಿ ಮನೆಯವರಿಗೆ ಸ್ವಲ್ಪ ಸಮಾಧಾನ ಕೊಟ್ಟಿತು.

ಫಲಿತಾಂಶ ಮತ್ತು ಕಾಯುವಿಕೆ

2024ರ ಡಿಸೆಂಬರ್ 1ರ ಪತ್ರಿಕೆಯಲ್ಲಿ ಆಕೆಯ ಅಂಕ ಹಿಂದಿನದರ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ ಬಂತು. ಆ ಪತ್ರಿಕೆ ಹಿಂದಿನ ವರ್ಷದ್ದಕ್ಕಿಂತ ಸುಲಭವಾಗಿತ್ತು ಎಂದು ಬರೆದವರಲ್ಲಿ ಹಲವರು ಹೇಳಿದ್ದರಿಂದ ಈ ಏರಿಕೆಯನ್ನೆಲ್ಲ ಸಿದ್ಧತೆಯ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಸಿದ್ಧತೆಗೇ ಸಲ್ಲಬೇಕಾದ ಒಂದು ಸಂಗತಿಯೆಂದರೆ, ಈ ಸಲ ಕಾಲ ಸಾಲದೆ ಉಳಿದ ಪ್ರಶ್ನೆಗಳು ಇಂಗ್ಲಿಷಿನ ಕೊನೆಯ ಗದ್ಯಭಾಗದವು ಮಾತ್ರ.

ಆದರೆ ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಕೆಲವು ಕೀ ಉತ್ತರಗಳ ವಿರುದ್ಧ ಅಭ್ಯರ್ಥಿಗಳು ನ್ಯಾಯಾಲಯಕ್ಕೆ ಹೋದರು. ಡಿಸೆಂಬರಿನಲ್ಲೇ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಎರಡು ಉತ್ತರಗಳಲ್ಲಿ ದೋಷ ಕಂಡಿತು. ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ದೆಹಲಿಗೆ ವರ್ಗಾಯಿಸಿತು. ಏಪ್ರಿಲಿನಲ್ಲಿ ವಿಭಾಗೀಯ ಪೀಠದ ತೀರ್ಪು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನ, ಆಮೇಲೆ ಪರಿಷ್ಕೃತ ಫಲಿತಾಂಶ. ಒಂದು ಪ್ರಶ್ನೆಯ ಕಾಲು ಅಂಕ ಕೂಡ ನೂರಾರು ಸ್ಥಾನಗಳನ್ನು ಅದಲುಬದಲು ಮಾಡಬಲ್ಲ ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಹೀಗೆ ಹೋರಾಡಿದ್ದು ಸರಿ ಎಂದೇ ನನ್ನ ನಿಲುವು. ಆದರೆ ಐದು ತಿಂಗಳು ಏನಾಗುವುದೆಂದು ತಿಳಿಯದೆ ಬಿ.ಎ. ತರಗತಿಯಲ್ಲಿ ಕುಳಿತ ವಿದ್ಯಾರ್ಥಿನಿಗೆ ಅದು ಕಠಿಣ ಕಾಲ. ತಪ್ಪಿಲ್ಲದ ಕೀ ಉತ್ತರ ಸಿದ್ಧಪಡಿಸುವುದು ಪರೀಕ್ಷೆ ನಡೆಸುವವರ ಮೊದಲ ಕರ್ತವ್ಯ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರ ಸಮತಲ ಮೀಸಲಾತಿ (ಪ್ರತಿ ವರ್ಗದ ಸೀಟುಗಳ ಒಳಗೇ ಅನ್ವಯಿಸುವ ಮೀಸಲಾತಿ) ಇದ್ದರೂ ಆಕೆಯ ರ‍್ಯಾಂಕಿಗೆ ಅಲ್ಲಿ ಸೀಟು ಸಿಗಲಿಲ್ಲ. ಹಂಚಿಕೆಯ ನಂತರದ ಸುತ್ತಿನಲ್ಲಿ, ಮೀಸಲು ವರ್ಗದಡಿ, ಹೊರರಾಜ್ಯದ ಒಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. ಇನ್ನೂ ಮೇಲಿನ ಆಯ್ಕೆಗಾಗಿ ಕಾಯುವ ಅವಕಾಶವಿದ್ದರೂ ಆಕೆ ಸಿಕ್ಕಿದ್ದನ್ನೇ ಖಚಿತಪಡಿಸಿಕೊಂಡಳು. ಶುಲ್ಕ ಕಟ್ಟಲು ಕೊಟ್ಟ ದಿನಗಳು ತೀರ ಕಡಿಮೆಯಿದ್ದವು, ಮನೆಯವರು ಮೊದಲ ಕಂತಿಗೆ ಸಾಲ ಮಾಡಿದರು, ವಿದ್ಯಾರ್ಥಿವೇತನದ ಅರ್ಜಿ ಅನಂತರ ಹೋಯಿತು.

ಈ ಪರೀಕ್ಷೆಯನ್ನು ಪ್ರಾದೇಶಿಕ ಭಾಷೆಗಳಲ್ಲೂ ನಡೆಸಬೇಕೆಂದು ಕೋರಿ 2023ರಲ್ಲಿ ದೆಹಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ಸಲ್ಲಿಕೆಯಾಗಿತ್ತು. ತರಗತಿಗಳು ಇಂಗ್ಲಿಷಿನಲ್ಲೇ ನಡೆಯುವುದರಿಂದ ಪರೀಕ್ಷೆಯೂ ಅದರಲ್ಲೇ ಇರಲಿ ಎಂಬ ವಾದ ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಈ ಪ್ರಕರಣದಲ್ಲಿ ತರ್ಕವೂ ಪ್ರಪಂಚಜ್ಞಾನವೂ ಮೊದಲಿನಿಂದಲೂ ಆಕೆಯಲ್ಲಿದ್ದವು, ಪತ್ರಿಕೆ ಅವುಗಳನ್ನು ಅಳೆಯುವ ಮೊದಲೇ ಓದಿನ ವೇಗ ಆಕೆಯನ್ನು ತಡೆದು ನಿಲ್ಲಿಸಿತ್ತು. ಕಾನೂನು ತಾರ್ಕಿಕತೆ, ತಾರ್ಕಿಕ ಸಾಮರ್ಥ್ಯ, ಪ್ರಚಲಿತ ವಿದ್ಯಮಾನಗಳನ್ನು ಅಭ್ಯರ್ಥಿಯ ಭಾಷೆಯಲ್ಲಿ ಕೇಳಿ, ಇಂಗ್ಲಿಷ್ ವಿಭಾಗವನ್ನು ಇಂಗ್ಲಿಷಿನಲ್ಲೇ ಉಳಿಸಿಕೊಂಡು, ಮೊದಲ ವರ್ಷದಲ್ಲಿ ಭಾಷೆಯ ತರಬೇತಿಯನ್ನು ಕಡ್ಡಾಯಗೊಳಿಸಿದರೆ ತರಗತಿಗೆ ಯಾವ ಹಾನಿಯೂ ಆಗದು. ಅದು ಆಗುವವರೆಗೆ, ಈಗ ನನ್ನ ಬಳಿ ಬರುತ್ತಿರುವ ಇಬ್ಬರು ಪ್ರಥಮ ಪಿಯು ವಿದ್ಯಾರ್ಥಿಗಳಿಗೆ ಗೈಡ್ ಕೊಳ್ಳಬೇಡಿ ಎಂದು ಹೇಳಿ, ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಓದಿಸಿ ಎರಡು ಕನ್ನಡ ವಾಕ್ಯಗಳಲ್ಲಿ ಅದರ ಸಾರ ಬರೆಯಿಸುತ್ತಿದ್ದೇನೆ.